ಮುಂದಿನ ಕೋಣೆ ಯಾರಿಗೆ

ಗುರುವಾರ, ಮಾರ್ಚ್ ೧೨
ಬೆಳಗ್ಗೆ, ಕಿಟಕಿಯ ಬಳಿಯಿಂದ

ಪ್ರೀತಿಯ ಅಕ್ಕ,

ನೀನು ಕೋಪ ಮಾಡಿಕೊಂಡು ಬರೆದ ಕಾಗದ ಸೋಮವಾರ ತಲುಪಿತು. ವಕೀಲರಿಲ್ಲದೆ ವಿಚ್ಛೇದನಕ್ಕೆ ಹೊರಟವಳಿಗೆ ತಲೆ ನೆಟ್ಟಗಿಲ್ಲ, ಇವರು ನನ್ನ ಕಿವಿಗೆ ಹೂವಿಟ್ಟು ಬೀದಿಗೆ ಕಳಿಸುತ್ತಾರೆ ಎಂದಿದ್ದೀಯ. (‘ಇವರು’ ಎನ್ನುವ ಅಭ್ಯಾಸ ಇನ್ನೂ ಹೋಗಿಲ್ಲ, ನಗಬೇಡ.) ಹಂಚಿಕೆಯೆಲ್ಲ ನಿನ್ನೆಗೆ ಮುಗಿಯಿತು. ಅದಕ್ಕೇ ಈಗ ನಿಧಾನವಾಗಿ ಕೂತು ಬರೆಯುತ್ತಿದ್ದೇನೆ.

ನಾವು ಜಗಳವಾಡಿ ಬೇರೆಯಾಗುತ್ತಿಲ್ಲ. ಅವರು ರೇಡಿಯೊ, ಮಿಕ್ಸರ್ ರಿಪೇರಿ ಮಾಡುವವರು, ದಿನವಿಡೀ ಏನಾದರೊಂದು ಗೊರಗುಟ್ಟುತ್ತಿರಲೇಬೇಕು. ನಾನು ಹರಿದ ಬಟ್ಟೆಗೆ ರಫೂ ಹಾಕುವವಳು, ಎಳೆ ಎಣಿಸುವಾಗ ಪಕ್ಕದಲ್ಲಿ ಯಾರಾದರೂ ಕೆಮ್ಮಿದರೂ ಎಣಿಕೆ ತಪ್ಪುತ್ತದೆ. ಇಪ್ಪತ್ತಾರು ವರ್ಷ ಒಂದೇ ಕೋಣೆಯಲ್ಲಿ ಹೀಗೇ ಕೂತೆವು. ಕೊನೆಕೊನೆಗೆ ಬಂದ ಗಿರಾಕಿಗಳ ಜೊತೆಗಷ್ಟೇ ಮಾತು, ನಮ್ಮಿಬ್ಬರ ನಡುವೆ ಇಲ್ಲ. ಸಾಕು ಎಂದು ಇಬ್ಬರಿಗೂ ಒಂದೇ ವಾರದಲ್ಲಿ ಅನ್ನಿಸಿತು. ಅಷ್ಟು ಒಮ್ಮತ ನಮ್ಮಲ್ಲಿ ಮೊದಲೆಂದೂ ಬಂದಿರಲಿಲ್ಲ.

ನ್ಯಾಯಾಲಯದಲ್ಲಿ ಅರ್ಜಿ ತುಂಬಲು ಸಹಾಯ ಮಾಡುವ ಮೇಡಂ ಒಬ್ಬರಿದ್ದಾರೆ. ಯಾರಿಗೆ ಯಾವುದು ಎಂದು ನಾವೇ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ ತಂದರೆ ಅರ್ಜಿಯ ಶುಲ್ಕ ಬಿಟ್ಟು ಬೇರೆ ಖರ್ಚಿಲ್ಲ ಎಂದರು. ಮಕ್ಕಳಿಲ್ಲದ್ದರಿಂದ ಪಟ್ಟಿಯಲ್ಲಿ ಬರೀ ಮನೆ ಮತ್ತು ಸಾಮಾನು.

ನಿನ್ನ ಹತ್ತಿರ ಮುಚ್ಚಿಡುವುದೇನು, ನನಗೆ ಬೇಕಾಗಿದ್ದು ಬೀದಿ ಕಡೆಯ ಈ ಕೋಣೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಇಲ್ಲಿ ಬೀಳುವ ಬೆಳಕು ಮನೆಯಲ್ಲಿ ಬೇರೆಲ್ಲೂ ಇಲ್ಲ. ಕೋಟಿನ ಒಳಹೊಲಿಗೆಯಿಂದ ಎಳೆ ಕಿತ್ತು ತೂತಿಗೆ ನೇಯುವ ಕೆಲಸ ದೀಪದಲ್ಲಿ ಆಗುವುದಿಲ್ಲ, ನನ್ನ ಕಣ್ಣಿಗಂತೂ ಇನ್ನು ಆಗುವುದೇ ಇಲ್ಲ. ಕೋಣೆ ಹೋದರೆ ನನ್ನ ಅನ್ನವೂ ಹೋದಂತೆ. ಆದರೆ ಅವರ ಗಿರಾಕಿಗಳು ಬರುವುದೂ ಇದೇ ಬಾಗಿಲಿಗೆ. ಹೇಗೆ ಕೇಳಲಿ? ‘ನಂಗೆ ಯಾವುದಾದ್ರೂ ಸರಿ’ ಎಂದುಬಿಟ್ಟೆ. ನನ್ನ ಹಳೇ ಚಾಳಿ.

ಚಿಕ್ಕಂದಿನಲ್ಲಿ ಅಮ್ಮ ನಮಗೆ ಹಣ್ಣು ಹಂಚುತ್ತಿದ್ದ ಉಪಾಯವನ್ನೇ ಅವರಿಗೆ ಹೇಳಿದೆ. ಒಬ್ಬರು ಭಾಗ ಮಾಡಬೇಕು, ಇನ್ನೊಬ್ಬರು ಆರಿಸಿಕೊಳ್ಳಬೇಕು. ನೀನು ಕಣ್ಣು ಕಿರಿದು ಮಾಡಿಕೊಂಡು ಕೊಯ್ಯುತ್ತಿದ್ದೆಯಲ್ಲ, ಹಾಗೆ ಅವರು ನಾಲ್ಕು ದಿನ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಮನೆಯೆಲ್ಲ ಓಡಾಡಿದರು. ಐದನೆಯ ದಿನ ನನ್ನ ಮುಂದೆ ಎರಡು ಹಾಳೆ ಇಟ್ಟರು.

ಮೊದಲನೆಯದರಲ್ಲಿ ಒಂದೇ ಸಾಲು: ಮುಂದಿನ ಕೋಣೆ. ಎರಡನೆಯದರಲ್ಲಿ ಉಳಿದದ್ದೆಲ್ಲ. ಹಿಂದಿನ ಎರಡು ಕೋಣೆ, ಅಡುಗೆಮನೆ, ಬ್ಯಾಂಕಿನ ಉಳಿತಾಯ, ಸ್ಕೂಟರು, ಫ್ರಿಜ್ಜು, ಮಂಚ, ಚಮಚದವರೆಗೆ.

ನನಗೆ ಮೈ ಉರಿದುಹೋಯಿತು. ಅಕ್ಕ ಹೇಳಿದ್ದೇ ನಿಜ ಎಂದುಕೊಂಡೆ, ಒಪ್ಪುತ್ತೇನೆ. ಆ ಸಿಟ್ಟಿನಲ್ಲೇ ಮೊದಲನೆಯ ಹಾಳೆ ಎಳೆದುಕೊಂಡು ಸಹಿ ಹಾಕಿದೆ. ಮೇಜಿನ ಕೆಳಗೆ ಮಲಗಿದರೂ ಸರಿ, ಕೋಣೆ ಮಾತ್ರ ಬಿಡುವುದಿಲ್ಲ ಅನ್ನಿಸಿತ್ತು. ಅವರು ಎರಡನೆಯದಕ್ಕೆ ಸಹಿ ಹಾಕಿ, ಎರಡೂ ಮಡಚಿ ಜೇಬಿಗಿಟ್ಟುಕೊಂಡರು.

ನಿನ್ನೆ ಮೇಡಂ ಹಾಳೆಗಳನ್ನು ಓದಿ ಕನ್ನಡಕ ತೆಗೆದರು. ಇದನ್ನು ಯಾವ ನ್ಯಾಯಾಧೀಶರೂ ಒಪ್ಪುವುದಿಲ್ಲ, ಭಾಗ ಮಾಡಿದ್ದು ಯಾರು ಎಂದು ಕೇಳಿದರು. ಇವರು ತರಗತಿಯ ಹುಡುಗನ ಹಾಗೆ ಕೈ ಎತ್ತಿದರು.

“ನಾನೇ ಮೇಡಂ. ಇವಳು ಇಷ್ಟು ವರ್ಷದಲ್ಲಿ ಒಂದ್ಸಲಾನೂ ಇಂಥದ್ದು ಬೇಕು ಅಂತ ಬಾಯಿಬಿಟ್ಟು ಹೇಳಿದೋಳಲ್ಲ. ಸಮ ಮಾಡಿ ಕೊಟ್ಟಿದ್ರೆ, ಪಾಪ ಇವರ ಗಿರಾಕಿ ಏನಾಗ್ತಾರೆ ಅಂತ ಹಿಂದಿನ ಕತ್ತಲೆ ಕೋಣೆ ತಗೊಂಡು ಕಣ್ಣು ಕಳ್ಕೊಳ್ತಿದ್ಳು. ಎಲ್ಲ ಬಿಟ್ಟಾದ್ರೂ ಯಾವುದನ್ನ ಹಿಡ್ಕೊಳ್ತಾಳೆ ಅಂತ ನೋಡ್ಬೇಕಿತ್ತು. ಈಗ ಗೊತ್ತಾಯ್ತು. ಕೋಣೆ ಇವಳ ಹೆಸರಿಗೆ ಬರ್ಕೊಳಿ, ಮಿಕ್ಕಿದ್ದು ಈಗ ಸಮ ಮಾಡ್ತೀವಿ.”

ಅಕ್ಕ, ಅಲ್ಲೇ ಎಲ್ಲರ ಮುಂದೆ ಅತ್ತುಬಿಟ್ಟೆ. ಮೇಡಂ ನೀರು ಕೊಟ್ಟು, ಬೇರೆಯಾಗುವುದನ್ನು ಇನ್ನೊಂದು ಸಲ ಯೋಚನೆ ಮಾಡಿ ನೋಡಿ ಎಂದರು. ಇಬ್ಬರೂ ಒಟ್ಟಿಗೇ ಬೇಡ ಎಂದೆವು.

ಹೊರಗಿನ ಬೆಂಚಿನ ಮೇಲೆ ಅರ್ಧ ಗಂಟೆಯಲ್ಲಿ ಉಳಿದದ್ದು ಮುಗಿಯಿತು. ಮನೆ ಪೂರ್ತಿ ನನಗೆ. ಅದಕ್ಕೆ ಸರಿಯಾಗಿ ಉಳಿತಾಯ, ಸ್ಕೂಟರು, ಫ್ರಿಜ್ಜು ಅವರಿಗೆ. ಬಸ್ ನಿಲ್ದಾಣದ ಎದುರು ಮಾಳಿಗೆಯಿರುವ ಅಂಗಡಿ ನೋಡಿದ್ದಾರೆ, ಅಲ್ಲಿ ಎಷ್ಟು ಗೊರಗುಟ್ಟಿದರೂ ಕೇಳುವವರಿಲ್ಲ. ಇಸ್ತ್ರಿಪೆಟ್ಟಿಗೆಗೆ ಮಾತ್ರ ಸ್ವಲ್ಪ ಎಳೆದಾಟವಾಯಿತು. ಮೂರು ಸಲ ರಿಪೇರಿ ಮಾಡಿದ್ದು ತಾನು ಎಂದರು. ಕೊನೆಗೆ, ಕೆಟ್ಟರೆ ಹೇಗೂ ತನ್ನ ಹತ್ತಿರವೇ ತರಬೇಕಲ್ಲ ಎಂದು ನನಗೇ ಬಿಟ್ಟರು.

ನನ್ನನ್ನು ಇಷ್ಟು ಬಲ್ಲವರನ್ನು ಬಿಡುತ್ತಿದ್ದೇನಲ್ಲ ಎಂದು ಬಸ್ಸಿನಲ್ಲಿ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟವರೇ ಒಟ್ಟಿಗೆ ಮೂರು ರೇಡಿಯೊ ಹಚ್ಚಿದರು. ಸಂಕಟ ಇಳಿಯಿತು.

ಚೆನ್ನಾಗಿದ್ದೇನೆ. ವಕೀಲರ ವಿಳಾಸ ಹುಡುಕುವುದನ್ನು ಇನ್ನು ನಿಲ್ಲಿಸು.

ಇಂತಿ,
ನೀನೇ ಹೆಸರಿಟ್ಟ ನಿನ್ನ ತಂಗಿ,
ಮೊಂಡಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಮ್ಮ ಹೋದ ಮೇಲೆ ಅವಳ ಸಾಮಾನು ಹಂಚಿಕೊಂಡಾಗ ನೀನು ಮೊದಲು ನನ್ನನ್ನೇ ಕೇಳಿದ್ದೆ. ನಾನು ಏನೂ ಹೇಳಲಿಲ್ಲ, ನೀನು ಹೊಲಿಗೆ ಯಂತ್ರ ತೆಗೆದುಕೊಂಡೆ. ಹತ್ತೊಂಬತ್ತು ವರ್ಷದಿಂದ ಅದರ ಮೇಲೆ ನಿನ್ನ ಟಿವಿ ಕೂತಿದೆ, ಬಂದಾಗಲೆಲ್ಲ ನೋಡಿ ಸುಮ್ಮನೆ ವಾಪಸಾಗುತ್ತೇನೆ. ರಫೂ ಕೆಲಸಕ್ಕೆ ಅದೇನೂ ಬೇಕಿಲ್ಲ. ಆದರೂ ಅಕ್ಕ, ಅಂದೂ ಅದು ನನಗೆ ಬೇಕಿತ್ತು, ಈಗಲೂ ಬೇಕು. ಕೊಡುತ್ತೀಯಾ?