ನಿಮ್ಮಪ್ಪನ ಬಲಗಾಲು

ಬೆಟಗೇರಿ
೧೨ ಜೂನ್ ೨೦೨೪, ಬುಧವಾರ ಮಧ್ಯಾಹ್ನ

ಮುದ್ದಿನ ಮಗ ತಿಮೋತಿಗೆ,

ಹೇಗಿದ್ದೀ ಮಗನೇ? ಉಪವಾಸ ಇಪ್ಪತ್ತು ದಿನ ದಾಟಿತೆಂದು ರೂತ ಹೇಳಿದಳು. ಸಂಜೆಗೊಮ್ಮೆಯಾದರೂ ಗಂಜಿ ಕುಡಿಯುತ್ತೀಯೋ ಇಲ್ಲವೋ? ಶಾಲೆಯಿಂದ ಬಂದವನೇ ಕೈಕಾಲು ತೊಳೆಯದೆ ರೊಟ್ಟಿ ಬುಟ್ಟಿಗೆ ಕೈಹಾಕುತ್ತಿದ್ದವನು ನೀನು, ನಲವತ್ತು ದಿನ ಹೊಟ್ಟೆ ಕಟ್ಟುತ್ತೀ ಎಂದರೆ ನನಗೆ ನಂಬಲಿಕ್ಕೇ ಆಗುವುದಿಲ್ಲ. ತಲೆ ಸುತ್ತುವುದು ಏನಾದರೂ ಇದ್ದರೆ ಮುಚ್ಚಿಡಬೇಡ. ಲಕ್ಷ್ಮೇಶ್ವರದಲ್ಲಿ ನಿನ್ನ ಹೆಂಡತಿ ರೂತ ಒಬ್ಬಳೇ ಇದ್ದರೂ ಧೈರ್ಯವಾಗಿದ್ದಾಳೆ. ಪಾಪ, ಸೊಂಟದ ನೋವು ಇಟ್ಟುಕೊಂಡೇ ನಿನ್ನೆ ಶಿರಹಟ್ಟಿಗೆ ಬಂದು ನಿಮ್ಮ ಪ್ರಾರ್ಥನಾ ಮನೆಯ ಗೇಟಿನಲ್ಲಿ ಒಂದು ತಾಸು ನಿಂತಳಂತೆ. 'ಉಪವಾಸ ಮುಗಿಯೂ ಮಟ ಯಾರನ್ನೂ ಹೊರಗ ಕರಿಯೂದಿಲ್ಲ' ಎಂದು ಹೇಳಿ ಕಳಿಸಿದರಂತೆ. ನನ್ನ ಫೋನೂ ಅಷ್ಟೇ, ಮಾಡಿದ್ದೇ ಮಾಡಿದ್ದು, ಸ್ವಿಚ್ ಆಫ್. ದೇವರಿಗೂ ನಿಮಗೂ ನಡುವೆ ಹೆತ್ತವರು ಅಡ್ಡ ಬರಬಾರದೆಂದು ಫೋನ್ ಕಸಿದುಕೊಂಡರೋ ಏನೋ! ಅದಕ್ಕೇ ಈ ಕಾಗದ. ನಮ್ಮ ಪಕ್ಕದ ಮನೆ ಶಮಶಾದಬಿಯ ಮಗ ಶಫೀಕ ಪ್ರತಿ ಗುರುವಾರ ಟೆಂಪೋದಲ್ಲಿ ನಿಮ್ಮ ಅಡುಗೆಮನೆಗೆ ಅಕ್ಕಿ ಇಳಿಸಲು ಬರುತ್ತಾನಲ್ಲ, ಅವನು ಒಳಗೆ ಬಂದು ನಿನ್ನ ಕೈಗೇ ಕೊಡುತ್ತಾನೆ. ಓದಿ ಮುಗಿಸುವವರೆಗೆ ಅವನನ್ನು ಕಳಿಸಬೇಡ.

ನಿಮ್ಮಪ್ಪ ಆಸ್ಪತ್ರೆಯಲ್ಲಿದ್ದಾರೆ. ಗಾಬರಿಯಾಗಬೇಡ ಎಂದು ಬರೆಯಬೇಕು, ಆದರೆ ಗಾಬರಿಯಾಗು ಮಗನೇ, ಆಗುವಂಥದ್ದೇ ಆಗಿದೆ. ಬಲಗಾಲಿನ ಬೆರಳು ಕೊಳೆತು ಕಪ್ಪು ಮೇಲಕ್ಕೆ ಏರುತ್ತಿದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಪಾದ ಮರಗಟ್ಟಿರುತ್ತದೆ, ಗಾಯವಾದರೂ ಗೊತ್ತಾಗುವುದಿಲ್ಲವಂತೆ. ಮಗ್ಗದ ಕುಣಿಯಲ್ಲಿ ಇಳಿಬಿಟ್ಟು, ಹಲಗೆ ತುಳಿದು ತುಳಿದು ನಲವತ್ತು ವರ್ಷ ಸೀರೆ ನೇಯ್ದ ಕಾಲು ಅದು. ಹಲಗೆಯ ಮೊಳೆ ಎದ್ದು ಬೆರಳಿಗೆ ನಾಟಿದ್ದು ಅವರಿಗೆ ತಿಳಿಯಲೇ ಇಲ್ಲ. ಸೋಮವಾರ ಜ್ವರ ಏರಿ ಮಾತು ತೊದಲತೊಡಗಿದಾಗ ಶಫೀಕನೇ ಎತ್ತಿಕೊಂಡು ಬಂದು ಸೇರಿಸಿದ. ಡಾಕ್ಟರು ನೋಡಿ, ಮೊಣಕಾಲಿನ ಕೆಳಗೆ ಕಾಲು ತೆಗೆಯಲೇಬೇಕು, ಶುಕ್ರವಾರ ಬೆಳಗಿನೊಳಗೆ ಆಗಬೇಕು, ತಡವಾದರೆ ವಿಷ ರಕ್ತಕ್ಕೆ ಸೇರಿ ಮನುಷ್ಯ ಉಳಿಯುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಒಪ್ಪಿಗೆ ಕಾಗದಕ್ಕೆ ನಾನು ಹೆಬ್ಬೆಟ್ಟೂ ಒತ್ತುತ್ತೇನೆ, ಸಹಿಯೂ ಹಾಕುತ್ತೇನೆ ಎಂದೆ. ಆಗುವುದಿಲ್ಲವಂತೆ. ಅವರಿಗೆ ಎಚ್ಚರವಿದೆ, ಬುದ್ಧಿ ಸರಿಯಿದೆ, ಅವರೇ ಹಾಕಬೇಕು.

ಅವರು ಹಾಕುವುದಿಲ್ಲ ಎನ್ನುತ್ತಾರೆ. ನೋವಿಗೆ ಹೆದರಿ ಅಲ್ಲ, ಕುಂಟರಾಗುತ್ತೇನೆಂಬ ಅಂಜಿಕೆಯಿಂದಲೂ ಅಲ್ಲ. ಸೋಮವಾರ ರಾತ್ರಿ ಅರ್ಧ ಒಪ್ಪಿದ್ದರು, ನಾನು ನಿಟ್ಟುಸಿರು ಬಿಟ್ಟಿದ್ದೆ. ನಿನ್ನೆ ಬೆಳಿಗ್ಗೆ ನಮ್ಮ ಚರ್ಚಿನ ಸಭೆಯ ಹಿರಿಯರು ನಾಲ್ಕು ಜನ ನೋಡಲು ಬಂದರು. ಅದರಲ್ಲೊಬ್ಬ, ಹೆಸರು ಬರೆಯುವುದಿಲ್ಲ, ಯಾರ ಮನೆ ಸಾವಿಗೆ ಹೋದರೂ ಉದ್ದ ಭಾಷಣ ಮಾಡುತ್ತಾನಲ್ಲ ಅವನೇ, ಧೈರ್ಯ ಹೇಳುವ ಉಮೇದಿನಲ್ಲಿ ಬಾಯಿಬಿಟ್ಟ. 'ಕಾಲು ಪಾಪಕ್ಕ ಎಳದ್ರ ಕಡದು ಒಗಿ, ಎರಡ ಕಾಲ ಇಟಗೊಂಡು ನರಕಕ್ಕ ಬೀಳೂದಕ್ಕಿಂತ ಕುಂಟ ಆಗಿ ಜೀವಕ್ಕ ಸೇರೂದು ಛಲೋ ಅಂತ ಸ್ವಾಮಿನ ಬೈಬಲ್‌ದಾಗ ಹೇಳ್ಯಾನ, ಹೆದರಬ್ಯಾಡ್ರಿ ಮತ್ತಾಯಪ್ಪ' ಎಂದುಬಿಟ್ಟ. ಅವನ ಬಾಯಿಗೆ ಮಣ್ಣು ಹಾಕ! ನಿಮ್ಮಪ್ಪನ ಮುಖ ಆ ಗಳಿಗೆಯಲ್ಲಿ ಬಿಳುಚಿಕೊಂಡದ್ದನ್ನು ನಾನು ನೋಡಿದೆ. ಅವರೆಲ್ಲ ಹೋದ ಮೇಲೆ ನನ್ನನ್ನು ಹತ್ತಿರ ಕರೆದು, 'ಕೇಳಿದೇನ ಸಾರಾ? ಈ ಕಾಲು ಏನ್ ಮಾಡೇತಿ ಅಂತ ದೇವ್ರಿಗೆ ನೆನಪ ಐತಿ' ಎಂದರು. ಅವನೊಬ್ಬ ಹುಚ್ಚ, ಅವನ ಮಾತು ಯಾಕೆ ಹಚ್ಚಿಕೊಳ್ಳುತ್ತೀರಿ ಎಂದೆ. 'ಅಂವಾ ಹುಚ್ಚ ಇರಬಹುದು, ವಾಕ್ಯ ಸುಳ್ಳಲ್ಲ' ಎಂದು ಗೋಡೆಯ ಕಡೆ ಹೊರಳಿದರು.

ಆ ಕಾಲು ಏನು ಮಾಡಿತೆಂದು ನಾನು ನಿನಗೆ ಹೇಳಬೇಕಾಗಿಲ್ಲ, ನಿನ್ನ ಎದೆಗೇ ಗೊತ್ತು. ಆದರೂ ಎರಡು ವರ್ಷದಿಂದ ನುಂಗಿಕೊಂಡದ್ದನ್ನು ಇವತ್ತು ಬರೆದೇಬಿಡುತ್ತೇನೆ. ಆರು ತಿಂಗಳ ಕೂಸಿದ್ದಾಗ ನಮ್ಮ ದೇವಾಲಯದಲ್ಲಿ ಹಣೆಗೆ ಮೂರು ಹನಿ ನೀರು ಹಾಕಿಸಿಕೊಂಡು ದೀಕ್ಷಾಸ್ನಾನವಾದವನು ನೀನು. ನಿಮ್ಮ ಪ್ರಾರ್ಥನಾ ಮನೆಯವರ ಜೊತೆ ಸೇರಿದ ಮೇಲೆ ಅದು ಸಾಲದು, ಹೊಳೆಯಲ್ಲಿ ಪೂರ್ತಿ ಮುಳುಗಬೇಕು ಎಂದು ಹಟ ಹಿಡಿದೆ. ಬೆಟಗೇರಿಯಿಂದ ಮುಂಡರಗಿಯವರೆಗೆ ಬಸ್ಸಿನ ತುಂಬ ನಿಮ್ಮಿಬ್ಬರದೇ ವಾದ, ನಡುವೆ ಬುತ್ತಿಯ ಚೀಲ ತೊಡೆಯ ಮೇಲಿಟ್ಟುಕೊಂಡು ನಾನು. 'ನೀರಿನ್ಯಾಗ ಹುಟ್ಟಲಾರದಾಂವ ದೇವರ ರಾಜ್ಯಕ್ಕ ಸೇರೂದಿಲ್ಲ, ಬರದದ್ದು ಬರದಂಗ' ಎಂದು ನೀನು. 'ನೀರಂದ್ರ ನೀರಲ್ಲೋ, ಅದೊಂದು ಗುರುತು, ಹನಿ ಆದ್ರೂ ಅಷ್ಟ, ಹೊಳಿ ಆದ್ರೂ ಅಷ್ಟ' ಎಂದು ಅವರು. ತುಂಗಭದ್ರೆಯ ದಂಡೆಯಲ್ಲಿ ನಿಮ್ಮವರು ಹಾಡು ಹೇಳುತ್ತಿದ್ದರು. ನೀನು ಮುಳುಗೆದ್ದು ಬಿಳಿ ಬಟ್ಟೆಯಲ್ಲಿ ನೀರು ಸುರಿಸುತ್ತ ದಂಡೆ ಹತ್ತಿ, ಅಪ್ಪನ ಮುಂದೆ ಬಂದು, 'ಇವತ್ತ ಹುಟ್ಟಿದ್ನೆಪಾ' ಎಂದೆ. ಆ ಮಾತು ಅವರಿಗೆ ಎಲ್ಲಿ ನಾಟಿತೋ. ಮೂವತ್ತು ವರ್ಷ ಸಾಕಿದ್ದು ಏನೂ ಅಲ್ಲವೇ ಎಂದು ಅನ್ನಿಸಿತೋ ಏನೋ. ಎತ್ತಿದ ಬಲಗಾಲು ನಿನ್ನ ಎದೆಗೆ ಬಿತ್ತು. ನೀನು ಕೆಸರಿನಲ್ಲಿ ಅಂಗಾತ ಬಿದ್ದೆ, ಹಾಡು ನಿಂತಿತು. ಕೈ ಎತ್ತಲಿಲ್ಲ ನೀನು. ಅವತ್ತಿನಿಂದ ಇವತ್ತಿನವರೆಗೆ ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಿಲ್ಲ.

ಈಗ ನೋಡು ತಮಾಷೆ. ಅವತ್ತು ಗುರುತು ಎಂದವರು ಇವತ್ತು ಬರೆದದ್ದು ಬರೆದಂತೆ ಎನ್ನುತ್ತಿದ್ದಾರೆ. ಒದ್ದ ಕಾಲನ್ನೇ ದೇವರು ಕೊಳೆಸಿದ್ದಾನೆ, ಅವನು ಕೊಟ್ಟ ಶಿಕ್ಷೆಯಿಂದ ಡಾಕ್ಟರ ಕೈ ಹಿಡಿದು ತಪ್ಪಿಸಿಕೊಳ್ಳುವುದಿಲ್ಲ ಎಂದು ಅವರ ಹಟ. 'ಶಿಕ್ಷಾ ಪೂರಾ ಆಗ್ಲಿ ಬಿಡು' ಎನ್ನುತ್ತಾರೆ, ಊಟ ಸಾಕು ಎಂದಷ್ಟೇ ಸಲೀಸಾಗಿ. ನಿನ್ನೆ ಸಂಜೆ ಸಭಾಪಾಲಕ ಅಯ್ಯನವರನ್ನು ಕರೆಸಿದೆ. ಒಳ್ಳೆಯ ಮನುಷ್ಯ, ಹಾಸಿಗೆಯ ಪಕ್ಕ ಕೂತು ಸಮಾಧಾನವಾಗಿ ತಿಳಿಸಿ ಹೇಳಿದರು. ಅಲ್ಲಿ ಕಾಲು ಎಂದರೆ ಮಾಂಸದ ಕಾಲಲ್ಲ, ಬಿಡಲಾಗದೆ ಹಿಡಿದುಕೊಂಡ ಕೆಟ್ಟ ಚಾಳಿ. ಜೀವಕ್ಕೆ ಸೇರುವುದು ಎಂದರೆ ಬಾಗಿಲು ದಾಟಿ ಒಂದು ಊರಿಗೆ ನಡೆದು ಹೋಗುವುದಲ್ಲ, ದೇವರ ಜೊತೆ ಕೂಡಿಕೊಳ್ಳುವುದು ಎಂದರು. ನಿಮ್ಮಪ್ಪ ಪೂರ್ತಿ ಕೇಳಿದರು. ಆಮೇಲೆ ಅಯ್ಯನವರಿಗೇ ತಿರುಗಿ ಪ್ರಶ್ನೆ ಹಾಕಿದರು. 'ಅಯ್ಯನವರ, ನೀರೂ ಗುರುತು, ಕಾಲೂ ಗುರುತು, ಸ್ವರ್ಗದ ಹನ್ನೆರಡ ಬಾಗಲದ ಪಟ್ಟಣನೂ ಗುರುತು ಅಂದ್ರ ನಾ ಸತ್ತು ಹೋಗೂದು ಎಲ್ಲಿಗ್ರಿ? ನನ್ನ ಮಗಳು ದೀನಾ ಆ ಪಟ್ಟಣದ ಹೊಳಿ ದಂಡಿ ಮ್ಯಾಲೆ ಆಡಾಕತ್ತಾಳ ಅಂತ ಈಕಿಗೆ ಮೂವತ್ತೈದು ವರ್ಷ ಹೇಳ್ಕೋತ ಬಂದೇನಿ. ಅದೂ ಗುರುತೇನ್ರಿ?' ಎಂದರು. ನಿನ್ನ ಅಕ್ಕ ಹೋದಾಗ ಅವಳಿಗೆ ಮೂರು ವರ್ಷ, ನೀನಿನ್ನೂ ಹುಟ್ಟಿರಲಿಲ್ಲ. ಅಯ್ಯನವರು ಪ್ರಾರ್ಥನೆ ಮಾಡಿ ಎದ್ದು ಹೋದರು.

ನನಗೆ ನಿಮ್ಮಿಬ್ಬರ ಮೇಲೂ ಸಿಟ್ಟು ಬಂದಿದೆ ತಿಮೋತಿ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಕುದಿಯುತ್ತಿದ್ದೇನೆ. ನಿಮಗೆ ಬೇಕಾದಾಗ ಬರೆದಂತೆ, ಬೇಡವಾದಾಗ ಗುರುತು! ನಿಮ್ಮ ವಾದದ ನಡುವೆ ಅವತ್ತು ಬುತ್ತಿ ಚೀಲ ಹಿಡಿದು ಕೂತಿದ್ದೆ, ಇವತ್ತು ಗಂಡನ ಜೀವ ಹಿಡಿದು ಕೂತಿದ್ದೇನೆ. ಶಮಶಾದಬಿ ಎರಡು ದಿನದಿಂದ ಮಗ್ಗದ ಕಂಡಿಕೆಗೆ ನೂಲು ಸುತ್ತುವ ತನ್ನ ಕೆಲಸ ಬಿಟ್ಟು ಚಹಾ ರೊಟ್ಟಿ ತಂದುಕೊಂಡು ನನ್ನ ಜೊತೆ ಕೂತಿದ್ದಾಳೆ. 'ಯಕ್ಕಾ, ಮನಶ್ಯಾನ್ನ ಬಿಟ್ಟು ಕಾಲ ಲೆಕ್ಕಾ ಕೇಳ್ತಾನೇನ್ ದೇವ್ರು? ಮೊದಲ ಸಹಿ ಮಾಡಸ್ರಿ' ಎನ್ನುತ್ತಾಳೆ. ಅಷ್ಟು ಓದಿದ ನಿಮಗಿಂತ ಅವಳಿಗೇ ತಿಳುವಳಿಕೆ ಇದೆ. ನನ್ನನ್ನು ಕೇಳಿದರೆ ಆ ಪಟ್ಟಣ ಇದೆ ಮಗನೇ, ಹೊಳೆಯೂ ಇದೆ, ದಂಡೆಯ ಜೀವದ ಮರವೂ ಇದೆ. ಇಲ್ಲ ಎಂದರೆ ದೀನಾಳನ್ನು ನಾನು ಎಲ್ಲಿ ಇಡಲಿ? ಆದರೆ ಅದರ ಬಾಗಿಲಲ್ಲಿ ಯಾರ ಕಾಲು ಎಷ್ಟು ಎಂದು ಎಣಿಸಲು ಯಾರೂ ನಿಂತಿರುವುದಿಲ್ಲ. ಇದನ್ನು ಅವರಿಗೆ ಹೇಳಿ ಹೇಳಿ ನನ್ನ ನಾಲಿಗೆ ಒಣಗಿತು.

ಅವರು ನನ್ನ ಮಾತು ಕೇಳುವುದಿಲ್ಲ, ಅಯ್ಯನವರ ಮಾತನ್ನೂ ಕೇಳಲಿಲ್ಲ. ಒದೆ ತಿಂದವನ ಮಾತು ಕೇಳುತ್ತಾರೆ. ಇಂದು ಬೆಳಿಗ್ಗೆ ಅರೆನಿದ್ದೆಯಲ್ಲಿ ಎರಡು ಸಲ ನಿನ್ನ ಹೆಸರು ಹಿಡಿದರು. ಎದ್ದ ಮೇಲೆ ಕೇಳಿದರೆ ಇಲ್ಲವೇ ಇಲ್ಲ ಎಂದು ಸಾಧಿಸಿದರು, ಅವರ ಗುಣ ನಿನಗೆ ಗೊತ್ತಲ್ಲ. ಆದ್ದರಿಂದ ಶಫೀಕನ ಟೆಂಪೋದಲ್ಲೇ ಹತ್ತಿ ಬಾ. ಒಬ್ಬನೇ ಬಾ. ನಿಮ್ಮ ಗುಂಪಿನವರನ್ನು ಕರೆತಂದು ಹಾಸಿಗೆಯ ಸುತ್ತ ನಿಲ್ಲಿಸಬೇಡ, ಕಾಲು ಕಡಿಯಬೇಡಿ, ನಂಬಿಕೆಯಿಂದಲೇ ವಾಸಿಯಾಗುತ್ತದೆ ಎಂದು ಶುರು ಮಾಡಿದರೆ ಆ ಕೋಣೆಯಿಂದ ನಾನೇ ಹೊರಗೆ ಹಾಕುತ್ತೇನೆ, ಮಗ ಎಂದು ನೋಡುವುದಿಲ್ಲ. ಕ್ಷಮಿಸಿದ್ದೇನೆ ಎಂದು ಹೇಳು. ಆಮೇಲೆ ಅವತ್ತು ಬಸ್ಸಿನಲ್ಲಿ ಅವರು ಹೇಳಿದ್ದನ್ನೇ ಇವತ್ತು ನೀನು ಹೇಳು. ಅದು ಗುರುತು ಅಪ್ಪಾ, ಕಾಲಿನ ಮೇಲೆ ಬರೆದದ್ದಲ್ಲ ಅನ್ನು. ಹಾಗೆ ಹೇಳಿದರೆ ನಿನ್ನ ಹೊಳೆಯ ನೀರೂ ಗುರುತೇ ಆಗಿಬಿಡುತ್ತದೆಯೋ ಎಂದು ನಿನಗೆ ಸಂಕಟವಾಗುತ್ತದೆ, ಅದು ನನಗೆ ತಿಳಿಯುತ್ತದೆ. ಆ ಸಂಕಟವನ್ನು ಶನಿವಾರ ಪಡು. ಉಪವಾಸ ಮುರಿದ ಪಾಪ ಏನಾದರೂ ಇದ್ದರೆ ನನ್ನ ತಲೆಗೆ ಬರಲಿ.

ಬರೆಯಲು ಇನ್ನೂ ಬೇಕಾದಷ್ಟಿದೆ, ಇಷ್ಟಕ್ಕೇ ನಿಲ್ಲಿಸುತ್ತೇನೆ. ಶಮಶಾದಬಿ ನಿನಗೆ ದುವಾ ಹೇಳಿದ್ದಾಳೆ. ರೂತಳಿಗೆ ನಾನೇ ಫೋನ್ ಮಾಡುತ್ತೇನೆ. ನಿನ್ನನ್ನು ಹೆತ್ತ ಹೊಟ್ಟೆಯಿಂದ ಹರಸುತ್ತೇನೆ, ದಾರಿಯಲ್ಲಿ ದೇವರು ನಿನ್ನ ಜೊತೆಗಿರಲಿ, ಬರುವಾಗ ಏನಾದರೂ ತಿಂದು ಬಾ.

ಇಂತಿ ನಿನ್ನ ಅವ್ವ,
ಸಾರವ್ವ

ತಾ.ಕ. ಕಾಗದ ಮಡಚಿ ಶಫೀಕನ ಕೈಗೆ ಕೊಟ್ಟಿದ್ದೆ, ಓಡಿಹೋಗಿ ತಿರುಗಿ ಇಸಿದುಕೊಂಡೆ. ಮೇಲೆ ಬರೆದದ್ದೆಲ್ಲ ಖರೆ, ಆದರೆ ಒಂದನ್ನು ಬಿಟ್ಟು ಬರೆದೆ. ಈಸ್ಟರ್ ಆದ ಮೇಲೆ ರೂತಳ ಕೈಯಲ್ಲಿ ನೀನು ಒಂದು ಸಣ್ಣ ಬಾಟಲಿ ಎಣ್ಣೆ ಕಳಿಸಿದ್ದೆ, ಪ್ರಾರ್ಥನೆ ಮಾಡಿದ್ದು, ಅಪ್ಪನಿಗೆ ಗೊತ್ತಾಗದಂತೆ ಹಣೆಗೆ ಹಚ್ಚು ಎಂದು. ಅವರ ಬೆರಳಿನ ಗಾಯ ನಾನು ಏಪ್ರಿಲ್ ಕೊನೆಯಲ್ಲೇ ನೋಡಿದ್ದೆ, ಆಗ ಜೋಳದ ಕಾಳಿನಷ್ಟಿತ್ತು. ದವಾಖಾನೆಗೆ ಹೋಗೋಣ ಎನ್ನಲಿಲ್ಲ. ಕೊಬ್ಬರಿ ಎಣ್ಣೆ ಎಂದು ಸುಳ್ಳು ಹೇಳಿ ಆರು ವಾರ ಅದನ್ನೇ ಹಚ್ಚಿ ಬಟ್ಟೆ ಕಟ್ಟಿದೆ. ವಾಸನೆ ಬಂದಾಗಲೂ ಕಟ್ಟಿದೆ. ನಿನ್ನ ಎಣ್ಣೆಯಿಂದ ವಾಸಿಯಾದರೆ ಅಪ್ಪ ಮಗ ಒಂದಾಗುತ್ತೀರಿ ಎಂಬ ಆಸೆ ನನ್ನದು. ನಿನ್ನ ತಪ್ಪಲ್ಲ, ನೀನು ಗಾಯಕ್ಕೆಂದು ಕೊಟ್ಟಿರಲಿಲ್ಲ. ಅವರ ಕಾಲು ಕೊಳೆತದ್ದು ನಿನ್ನನ್ನು ಒದ್ದದ್ದಕ್ಕಲ್ಲ ಮಗನೇ, ನನ್ನಿಂದ. ಇದು ತಿಳಿದರೆ ಅವರು ಸಹಿ ಹಾಕುತ್ತಾರೆ, ಎರಡು ದಿನದಿಂದ ನನಗೆ ಗೊತ್ತು, ಹೇಳಲು ಬಾಯಿ ಬಂದಿಲ್ಲ. ಈಗ ಸೂಜಿ ಕೊಟ್ಟು ಮಲಗಿಸಿದ್ದಾರೆ. ಎಚ್ಚರವಾದ ಕೂಡಲೇ ಹೇಳಿಬಿಡುತ್ತೇನೆ, ನೀನು ಬಂದರೂ ಬರದಿದ್ದರೂ. ಹೇಳಿದ ಮೇಲೆ ನನ್ನ ಕೈಯಿಂದ ಅವರು ನೀರು ಕುಡಿಯುತ್ತಾರೋ ಇಲ್ಲವೋ. ಕೊಡಲಿಕ್ಕೆ ಇನ್ನೊಬ್ಬರು ಬೇಕು. ಬಾ.