ಬಲಗಡೆಯ ಇಪ್ಪತ್ತು

ಮಾರ್ಚ್ 3
ಏಳನೇ ಡ್ರಮ್ ಮುಗಿಸಿ ಬಂದೆ. ಕೈಯೆಲ್ಲ ಫಿನಾಯಿಲ್ ವಾಸನೆ. ಫಿನಾಯಿಲ್ ಕಾರ್ಖಾನೆಯ ಮಿಕ್ಸಿಂಗ್ ವಿಭಾಗದಲ್ಲಿ ಹನ್ನೊಂದು ವರ್ಷ. ಎಷ್ಟು ನೀರು ಬೇಕೆಂದು ಮೂಗೇ ಹೇಳುತ್ತದೆ. ಈಗ ಸೂಪರ್‌ವೈಸರ್ ಆಗಲು ಪರೀಕ್ಷೆಯಂತೆ. ಅದೂ ಬೀಜಗಣಿತ! ಹುದ್ದೆ ಒಂದು, ಅರ್ಜಿ ಎರಡು: ನನ್ನದು, ನನ್ನ ವಾರಗಿತ್ತಿಯದು. ಅವಳು ಪ್ಯಾಕಿಂಗ್‌ಗೆ ಸೇರಿ ಇನ್ನೂ ಎರಡು ವರ್ಷವಾಗಿಲ್ಲ.

ಮಾರ್ಚ್ 5
ಒಂದೇ ಮೇಜು, ಇಬ್ಬರ ಪುಸ್ತಕ. ನಾನು x ಬರೆಯುವಷ್ಟರಲ್ಲಿ ಅವಳ ಉತ್ತರ ಸಿದ್ಧ.
ಅತ್ತೆ ಅಂದರು, "ಚಿಕ್ಕವಳನ್ನ ನೋಡು, ಚಿಟಿಕೆ ಹೊಡೆಯೋದ್ರೊಳಗೆ ಮುಗಿಸ್ತಾಳೆ."
ನನ್ನನ್ನು ಹೊಗಳಿದ್ದು ಯಾವಾಗ? ನೆನಪಿಲ್ಲ... ಹೊಟ್ಟೆಕಿಚ್ಚು. ಹೌದು, ಅದೇ. ಬೇರೆ ಹೆಸರೇಕೆ?

ಮಾರ್ಚ್ 9
ಶೇಕಡಾ ಮೂವತ್ತರ ದ್ರಾವಣ ಇಪ್ಪತ್ತು ಲೀಟರ್ ಇದೆ. ಶೇಕಡಾ ಇಪ್ಪತ್ತಕ್ಕೆ ಇಳಿಸಲು ಎಷ್ಟು ನೀರು ಬೇಕು?
ಇಂದು ಅವಳೇ ಎಡವಿದಳು. ಸಮೀಕರಣದ ಬಲಗಡೆ 20 + x ಎಂದು ಬರೆಯಬೇಕಿತ್ತು. ಬರೀ x ಬರೆದಳು.
"ಮೂವತ್ತು ಲೀಟರ್ ಬಂತು. ಸರಿನಾ ಅಕ್ಕಾ? ನೀನು ದಿನಾ ಕಲಸೋಳು, ನಿಂಗೆ ಗೊತ್ತಿರುತ್ತೆ."
ಮೊದಲೇ ಇದ್ದ ಇಪ್ಪತ್ತು ಲೀಟರ್ ಎಲ್ಲಿಗೆ ಹೋಯಿತು? ಹತ್ತು ಲೀಟರ್ ನೀರು ಸಾಕು.
"ಸರಿ ಇದೆ" ಎಂದೆ.

ಮಾರ್ಚ್ 10
"ನೀನು ಓದ್ಕೋ ಅಕ್ಕಾ, ಪಾತ್ರೆ ನಾನು ತೊಳೀತೀನಿ." ಹಾಗೆಂದು ಪುಸ್ತಕವನ್ನು ನನ್ನತ್ತ ತಳ್ಳಿ ಹೋದಳು. ಆಗಲಾದರೂ ಹೇಳಬಹುದಿತ್ತು. ಮುಂದಿನ ಲೆಕ್ಕಕ್ಕೆ ಪುಟ ತಿರುವಿದೆ.

ಮಾರ್ಚ್ 16
ಪರೀಕ್ಷೆ. ಅಂಕಿಗಳೂ ಬದಲಾಗದೆ ಅದೇ ಲೆಕ್ಕ! ಹತ್ತು ಎಂದು ಬರೆದೆ.
ಹೊರಗೆ ಬಂದವಳೇ ಕೈ ಹಿಡಿದುಕೊಂಡಳು. "ನೀನು ಸರಿ ಅಂದಿದ್ದೇ ಬಂತಲ್ಲ ಅಕ್ಕಾ!"

ಮಾರ್ಚ್ 24
ಎರಡು ಅಂಕದ ಅಂತರ; ಆ ಲೆಕ್ಕಕ್ಕೇ ಐದು ಅಂಕ. ಹುದ್ದೆ ನನಗೆ. ಅವಳು ಕುಣಿದಾಡಿದಳು, ಮನೆಯವರಿಗೆಲ್ಲ ಅವಳೇ ಸುದ್ದಿ ಹೇಳಿದಳು.
ಸಂಜೆ, ಆಫೀಸಿನವರು ವಾಪಸ್ ಕೊಟ್ಟಿದ್ದ ಇಬ್ಬರ ಉತ್ತರಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ನನ್ನದರಲ್ಲಿ ಹತ್ತು, ಅವಳದರಲ್ಲಿ ಮೂವತ್ತು. ನನ್ನ ಹತ್ತರ ಮೇಲೆ ಬೆರಳಿಟ್ಟಳು.
"ನಿಮಗೆ ಗೊತ್ತಿತ್ತು, ಅಲ್ವಾ?"
ನಿಮಗೆ. ನಾಲ್ಕು ವರ್ಷ 'ನೀನು' ಎಂದವಳು.

ಮಾರ್ಚ್ 29
ಐದು ದಿನದಿಂದ 'ನೀವು', 'ತಗೊಳ್ಳಿ', 'ಬನ್ನಿ'. ಅತ್ತೆಗೆ ಖುಷಿಯೋ ಖುಷಿ: "ಹಿರಿಯಳಿಗೆ ಎಷ್ಟು ಮರ್ಯಾದೆ ಕೊಡ್ತಾಳೆ ನೋಡು!"
ಹೊಗಳಿಕೆ ಮತ್ತೆ ಅವಳಿಗೇ. ಇಷ್ಟಾದ ಮೇಲೂ ಚುಚ್ಚಿತು. ಥೂ ನನ್ನ ಜನ್ಮಕ್ಕೆ.
ಮ್ಯಾನೇಜರಿಗೆ ಪತ್ರ ಬರೆದಿದ್ದೇನೆ: ಬೇಕೆಂದೇ ತಪ್ಪನ್ನು ಸರಿ ಎಂದವಳು ನಾನು, ಹುದ್ದೆ ಅವಳಿಗೆ ಕೊಡಿ. ಸಹಿ ಮಾತ್ರ ಬಾಕಿ. ಬೆಳಗಿನಿಂದ ಪೆನ್ನು ಹಿಡಿದೇ ಕೂತಿದ್ದೇನೆ.
ಅವಳು ಒಳಗೆ ಬಂದಳು. "ಊಟಕ್ಕೆ ಬನ್ನಿ" ಎನ್ನುತ್ತಿದ್ದಾಳೆ. ಪತ್ರ ಮೇಜಿನ ಮೇಲೆ ತೆರೆದೇ ಇದೆ. ಮುಚ್ಚಬೇಕು ಅನಿಸುತ್ತಿದೆ... ಇಲ್ಲ, ಓದಲಿ, ಅವಳ ಎದುರಿಗೇ ಸಹಿ—