ಬಗ್ಗೂದು ಬ್ಯಾಡ್ರಿ

ಅಪ್ಪಾ,

ನೀ ಈಗಿಲ್ಲ, ಆದ್ರೂ ಇದನ್ನ ನಿನಗ ಹೇಳಬೇಕನಿಸ್ತು. ನಿನ್ನೆ ಜಮಖಂಡ್ಯಾಗ ಹಳೇ ವಾಡೇ ನೋಡಾಕ ಒಂದು ಗುಂಪಿನ ಜೋಡಿ ನಡಕೋತ ಹೋಗಿದ್ದೆ. ಕಡೀಕ ಒಂದು ವಾಡೇದ ಬಾಗಲದಾಗ ನಿಂತು ನೋಡತೇನಿ, ಚೌಕಟ್ಟಿನ ಮ್ಯಾಲೆ ಕೆತ್ತಿದ ಕೊಕ್ಕು ಮುರದ ಗಿಳಿ! ಊರಿಗೆ ಹಿನ್ನೀರು ಬರೂ ಮೊದಲ ನೀ ಕಿತ್ತು ಮಾರಿದ ನಮ್ಮನಿ ಗಿಡ್ಡ ಬಾಗಲಾ. ಎಣ್ಣಿ ಹಚ್ಚಿ ಛಲೋ ಇಟ್ಟಾರ.

"ಇದು ಮುಳುಗಡಿ ಊರಿಂದ ಬಂದದ್ದರಿ. ಕೆಳಗ ಕಲ್ಲು ಕೊಟ್ಟು ಎತ್ತರ ಮಾಡ್ಯಾರ, ಬಗ್ಗೂದು ಬ್ಯಾಡ್ರಿ," ಅಂದ, ನಮಗ ಊರು ತೋರಸಾಕತ್ತಿದ್ದ ಪರಮಾನಂದ.

ಎಲ್ಲಾರೂ ನೆಟ್ಟಗ ಒಳಗ ಹೋದ್ರು. ನಾ ಒಬ್ಬಾಕಿ ಬಗ್ಗಿದೆ. ಹಿಂದಿದ್ದಾಕಿ ಕಿಸಕ್ಕನ ನಕ್ಕಳು. ನಾನೂ ನಕ್ಕೆ.

ಪುನರ್ವಸತಿ ಮನ್ಯಾಗ ಅಷ್ಟೆತ್ತರದ ಬಾಗಲಿದ್ರೂ ನೀ ದಿನಾ ಬಗ್ಗೇ ಒಳಗ ಬರತಿದ್ದಿ. ನಾವೂ ಹಿಂಗ ನಗತಿದ್ವಿ.